ಒರಗಿಸಿಟ್ಟ ಬಾಟಲಿಯ ಎಣ್ಣೆ ಮೊದಲು ತಿಳಿಯಾಯಿತು, ಯಾಕೆ?

ಗಾಣದಮನೆ, ಚಿತ್ತಾಪುರ

ಎಲ್ಲರಿಗೂ ನಮಸ್ಕಾರ. ಚಿತ್ತಾಪುರ ತಾಲ್ಲೂಕಿನಲ್ಲಿ ನಮ್ಮದೊಂದು ಸಣ್ಣ ಕಟ್ಟಿಗೆ ಗಾಣ ಇದೆ. ಕುಸುಬಿ ಎಣ್ಣೆಯೇ ಮುಖ್ಯ, ನಡುನಡುವೆ ಶೇಂಗಾ. ಗಾಣದಿಂದ ಇಳಿದ ಎಣ್ಣೆ ಮಬ್ಬಾಗಿ ಇರುತ್ತದೆ. ಕಾಳಿನ ಹಿಟ್ಟು, ಸಿಪ್ಪೆಯ ಚೂರು ಎಲ್ಲ ಅದರಲ್ಲೇ ಇರುತ್ತದೆ. ಮಲ್ಮಲ್ ಬಟ್ಟೆಯಲ್ಲಿ ಎರಡು ಸಲ ಸೋಸಿದರೂ ಸಣ್ಣದು ಉಳಿದೇ ಉಳಿಯುತ್ತದೆ. ಆಮೇಲೆ ಡಬ್ಬಿಯಲ್ಲಿ ಬಿಟ್ಟು ಗಸಿ ಇಳಿಯುವುದನ್ನು ಕಾಯಬೇಕು.

ಬೇಸಿಗೆಯಲ್ಲಿ ಮೂರು ದಿನ ಸಾಕು. ಈಗಿನ ಚಳಿಗೆ ವಾರ ದಾಟಿದರೂ ತಿಳಿ ಬರುತ್ತಿಲ್ಲ. ಎಳ್ಳಮಾವಾಸ್ಯೆ ಹತ್ತಿರ ಬಂತು. ಹೊಲಕ್ಕೆ ಚರಗ ಚೆಲ್ಲಲು ಹೋಗುವವರೆಲ್ಲ ಭಜ್ಜಿ ಪಲ್ಯಕ್ಕೆ, ಎಣ್ಣೆಗಾಯಿಗೆ ಇದೇ ಎಣ್ಣೆ ಕೇಳುತ್ತಾರೆ. ವರ್ಷದಲ್ಲಿ ಎಣ್ಣೆಗೆ ಹೆಚ್ಚು ಬೇಡಿಕೆ ಬರುವುದೂ, ಗಸಿ ತೀರಾ ನಿಧಾನ ಇಳಿಯುವುದೂ ಒಂದೇ ತಿಂಗಳಲ್ಲಿ.

ಕೇಳಬೇಕೆಂದಿದ್ದು ಬೇರೆ ಸಂಗತಿ. ಹೋದ ವಾರ ಒಂದೇ ಡಬ್ಬಿಯ ಎಣ್ಣೆಯನ್ನು ಆರು ಬಾಟಲಿಗೆ ತುಂಬಿದೆ. ಐದನ್ನು ಕಟ್ಟೆಯ ಮೇಲೆ ನೆಟ್ಟಗೆ ನಿಲ್ಲಿಸಿದೆ. ಆರನೆಯದಕ್ಕೆ ಜಾಗ ಸಾಲಲಿಲ್ಲ, ಗೋಡೆಗೆ ಒರಗಿಸಿದೆ. ಮೂರನೆಯ ದಿನ ಬೆಳಗ್ಗೆ ನೋಡಿದರೆ ಒರಗಿಸಿದ ಬಾಟಲಿಯಲ್ಲಿ ಅರ್ಧಕ್ಕಿಂತ ಹೆಚ್ಚು ತಿಳಿಯಾಗಿತ್ತು. ಬಂಗಾರದ ಬಣ್ಣ, ಆಚೆಗಿನ ಗೋಡೆಯ ಗೆರೆ ಕಾಣುತ್ತಿತ್ತು. ನೆಟ್ಟಗಿದ್ದ ಐದರಲ್ಲಿ ಕತ್ತಿನ ಕೆಳಗೆ ಎರಡು ಬೆರಳಷ್ಟೇ ತಿಳಿ.

ಅದೇ ಎಣ್ಣೆ, ಅದೇ ಬಾಟಲಿ, ಅದೇ ದಿನ. ಯಾಕೆ ಹೀಗೆ?

ಶಹಾಬಾದ್ ಕಲ್ಲು

ಅಣ್ಣಾ, ಗೋಡೆಗೆ ಬಿಸಿಲು ಬೀಳುತ್ತಿತ್ತೇನೋ ನೋಡಿ. ಗೋಡೆ ಕಾದರೆ ಒರಗಿದ ಬಾಟಲಿಯೂ ಕಾಯುತ್ತದೆ. ಎಣ್ಣೆ ತೆಳುವಾದರೆ ಗಸಿ ಬೇಗ ಇಳಿಯುತ್ತದೆ.

ಗಾಣದಮನೆ, ಚಿತ್ತಾಪುರ

ನನಗೂ ಮೊದಲು ಹಾಗೇ ಅನ್ನಿಸಿತು. ಆದರೆ ಅದು ಬಡಗಣ ಗೋಡೆ, ಬಿಸಿಲು ತಾಗುವುದೇ ಇಲ್ಲ. ಖಾತ್ರಿಗೆ ಎರಡನೇ ಸಲವೂ ಮಾಡಿದೆ. ಈ ಸಲ ಒಳಗಿನ ಕೋಣೆಯಲ್ಲಿ ಮೂರು ನೆಟ್ಟಗೆ, ಮೂರು ಓರೆ. ಓರೆಯವು ಮೂರೂ ಮೊದಲು ತಿಳಿಯಾದವು. ಇನ್ನೂ ಒಂದು ಗಮನಿಸಿದೆ. ಓರೆ ಬಾಟಲಿಯ ಮೇಲಿನ ಮೈಗೆ ಅಂಟಿಕೊಂಡ ಹಾಗೆ ದಾರದಷ್ಟು ಸಣ್ಣ ತಿಳಿ ಗೆರೆ ತಳದಿಂದ ಕತ್ತಿನವರೆಗೂ ಇರುತ್ತದೆ. ಕೆಳಗಿನ ಮೈಮೇಲೆ ಕಂದು ಗಸಿ ಮೆಲ್ಲಗೆ ಜಾರುತ್ತಾ ಹೋಗುತ್ತದೆ. ಬ್ಯಾಟರಿ ಹಾಕಿ ನೋಡಿದರೆ ಎರಡೂ ಚೆನ್ನಾಗಿ ಕಾಣುತ್ತವೆ.

ದ್ರವದ ಮೇಷ್ಟ್ರು, ಕಲಬುರಗಿ

ಆ ದಾರದಷ್ಟು ತಿಳಿ ಗೆರೆಯನ್ನು ನೀವು ಗಮನಿಸಿದ್ದು ಬಹಳ ದೊಡ್ಡ ವಿಷಯ. ನಿಮ್ಮ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ. ಆದರೆ ಅಲ್ಲಿಗೆ ಹೋಗುವ ಮೊದಲು ನೆಟ್ಟಗಿರುವ ಬಾಟಲಿಯ ಕಥೆ ಹೇಳಿಬಿಡುತ್ತೇನೆ. ನಾನು ಇಲ್ಲಿ ಎಂಜಿನಿಯರಿಂಗ್ ಮಕ್ಕಳಿಗೆ ಇದೇ ವಿಷಯ ಪಾಠ ಮಾಡುತ್ತೇನೆ.

ಎಣ್ಣೆಯಲ್ಲಿರುವ ಒಂದು ಕಣವನ್ನು ನೆಲ ಕೆಳಗೆ ಎಳೆಯುತ್ತದೆ. ಎಣ್ಣೆಯ ಜಿಗುಟು ಅದನ್ನು ತಡೆಯುತ್ತದೆ. ಪಠ್ಯಪುಸ್ತಕದಲ್ಲಿ ಈ ಜಿಗುಟಿಗೆ ಸ್ನಿಗ್ಧತೆ ಅಂತಾರೆ. ಎಳೆತ, ತಡೆ ಎರಡೂ ಸಮ ಆದ ಮೇಲೆ ಕಣ ಒಂದೇ ವೇಗದಲ್ಲಿ ಇಳಿಯುತ್ತಾ ಹೋಗುತ್ತದೆ. ಆ ತಡೆ ಎಷ್ಟು ಎಂದು ಮೊದಲು ಲೆಕ್ಕ ಹಾಕಿದವರು ಜಾರ್ಜ್ ಸ್ಟೋಕ್ಸ್, 1851ರಲ್ಲಿ. ಅವರು ಹೊರಟಿದ್ದು ಗಡಿಯಾರದ ಲೋಲಕವನ್ನು ಗಾಳಿ ಎಷ್ಟು ತಡೆಯುತ್ತದೆ ಎಂದು ತಿಳಿಯಲು. ಮೋಡದ ಹನಿಗಳು ಯಾಕೆ ದಬಕ್ಕನೆ ಬೀಳುವುದಿಲ್ಲ ಎಂಬುದಕ್ಕೂ ಅದೇ ಲೆಕ್ಕದಲ್ಲಿ ಉತ್ತರ ಸಿಕ್ಕಿತು.

ಅವರ ಸೂತ್ರದಲ್ಲಿ ನಿಮಗೆ ಬೇಕಾದ ಮಾತು ಎರಡೇ. ಕಣದ ಗಾತ್ರ ಎರಡು ಪಟ್ಟಾದರೆ ವೇಗ ನಾಲ್ಕು ಪಟ್ಟು. ಎಣ್ಣೆ ಎರಡು ಪಟ್ಟು ಮಂದವಾದರೆ ವೇಗ ಅರ್ಧ.

ಈಗ ನಿಮ್ಮ ಡಬ್ಬಿಗೆ ಬರೋಣ. ಎಣ್ಣೆಯ ಎತ್ತರ 35 ಸೆಂ.ಮೀ. ಎಂದುಕೊಳ್ಳಿ. 20 ಡಿಗ್ರಿಯಲ್ಲಿ ಇಂಥ ಅಡುಗೆ ಎಣ್ಣೆ ನೀರಿಗಿಂತ ಸುಮಾರು 60 ಪಟ್ಟು ಮಂದ. ಹಿಟ್ಟಿನ ಕಣ ಎಣ್ಣೆಗಿಂತ ಒಂದೂವರೆ ಪಟ್ಟಿಗೆ ಸ್ವಲ್ಪ ಕಡಿಮೆ ಭಾರ ಎಂದು ಹಿಡಿದಿದ್ದೇನೆ. 50 ಮೈಕ್ರಾನ್ ಕಣ, ಅಂದರೆ ತಲೆಗೂದಲಿನ ದಪ್ಪಕ್ಕಿಂತ ತುಸು ಕಡಿಮೆ, ಅರ್ಧ ದಿನದೊಳಗೆ ತಳ ಸೇರುತ್ತದೆ. 20 ಮೈಕ್ರಾನ್ ಕಣಕ್ಕೆ ಸುಮಾರು ಮೂರು ದಿನ ಬೇಕು. 10 ಮೈಕ್ರಾನಿಗೆ ಹನ್ನೊಂದು ದಿನ. 5 ಮೈಕ್ರಾನಿಗೆ ಒಂದೂವರೆ ತಿಂಗಳು! ನಿಮ್ಮನ್ನು ಕಾಡುತ್ತಿರುವುದು ಈ ಸಣ್ಣವೇ. ದೊಡ್ಡವನ್ನು ಬಟ್ಟೆ ಹಿಡಿದುಬಿಟ್ಟಿದೆ.

ಬೇಸಿಗೆಯಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುತ್ತದೆ, ಈಗ ಬೆಳಗ್ಗೆ 15ರ ಆಸುಪಾಸು. ಅಷ್ಟು ವ್ಯತ್ಯಾಸಕ್ಕೆ ಎಣ್ಣೆ ಎರಡು ಪಟ್ಟಿಗೂ ಜಾಸ್ತಿ ಮಂದವಾಗುತ್ತದೆ. ಮೂರು ದಿನದ ಕೆಲಸ ವಾರಕ್ಕೆ ಎಳೆಯುವುದು ಅದಕ್ಕೇ.

ಇನ್ನು ಓರೆ ಬಾಟಲಿ. ಕಣ ಕೆಳಗೆ ಇಳಿಯಬೇಕು ಅಂದರೆ ಅಷ್ಟೇ ಜಾಗದ ಎಣ್ಣೆ ಮೇಲೆ ಬರಬೇಕು, ಅಲ್ವಾ? ನಾವು ಯಾವಾಗಲೂ ಇಳಿಯುವ ಕಣವನ್ನೇ ನೋಡುತ್ತೇವೆ. ಏರುವ ಎಣ್ಣೆ ಕಣ್ಣಿಗೆ ಬೀಳುವುದಿಲ್ಲ. ನೆಟ್ಟಗಿರುವ ಬಾಟಲಿಯಲ್ಲಿ ಇಳಿಯುವವು ಏರುವ ಎಣ್ಣೆಯ ನಡುವೆಯೇ ದಾರಿ ಮಾಡಿಕೊಳ್ಳಬೇಕು. ಕಿರಿದಾದ ಮೆಟ್ಟಿಲಲ್ಲಿ ಹತ್ತುವವರು, ಇಳಿಯುವವರು ಎದುರಾದ ಹಾಗೆ. ಬಾಟಲಿ ಓರೆಯಾದರೆ ಕಣ ತಳದವರೆಗೆ ಹೋಗಬೇಕಾಗಿಲ್ಲ. ಕೆಳಗಿನ ಮೈ ಮುಟ್ಟಿದರೆ ಸಾಕು, ಆಮೇಲೆ ಗುಂಪಾಗಿ ಜಾರುತ್ತದೆ. ಮೇಲಿನ ಮೈಯಿಂದ ಕಣ ದೂರ ಸರಿದಂತೆ ಅಲ್ಲಿ ತಿಳಿ ಎಣ್ಣೆಯ ಪದರ ಉಳಿಯುತ್ತದೆ. ತಿಳಿ ಎಣ್ಣೆ ಹಗುರ, ಮೈಗುಂಟ ಸರ್‍ರನೆ ಮೇಲೇರುತ್ತದೆ. ಹತ್ತುವವರಿಗೆ ಒಂದು ದಾರಿ, ಇಳಿಯುವವರಿಗೆ ಇನ್ನೊಂದು. ನೀವು ಬ್ಯಾಟರಿ ಬೆಳಕಲ್ಲಿ ಕಂಡ ಗೆರೆ ಆ ಹತ್ತುವ ದಾರಿ.

ಲ್ಯಾಬ್ ಅಕ್ಕ, ಯಾದಗಿರಿ

ಮೇಷ್ಟ್ರೇ, ಇದನ್ನು ಓದಿ ಕುರ್ಚಿಯಿಂದ ಎದ್ದು ನಿಂತೆ. ನಮ್ಮ ಕೆಲಸದಲ್ಲಿ ಇದೇ ಸಂಗತಿ ದಿನಾ ನಮ್ಮ ಕೈ ಕಟ್ಟಿಹಾಕುತ್ತದೆ.

ನಾನು ರಕ್ತ ಪರೀಕ್ಷೆ ಲ್ಯಾಬ್‌ನಲ್ಲಿ ಇದ್ದೇನೆ. ಇಎಸ್ಆರ್ ಪರೀಕ್ಷೆ ಅಂದರೆ ರಕ್ತವನ್ನು ಸಣ್ಣ ಗಾಜಿನ ಕೊಳವೆಯಲ್ಲಿ ನಿಲ್ಲಿಸಿ, ಒಂದು ಗಂಟೆಯಲ್ಲಿ ಕೆಂಪು ಕಣಗಳು ಎಷ್ಟು ಮಿಲಿಮೀಟರ್ ಇಳಿದವು ಎಂದು ಓದುವುದು. ಕೆಲಸ ಕಲಿಯುವಾಗ ಮೊದಲ ದಿನವೇ ಹೇಳಿದ್ದು ಒಂದೇ ಮಾತು: ಸ್ಟ್ಯಾಂಡ್ ಅಲುಗಬಾರದು, ಕೊಳವೆ ಕಡ್ಡಿಯಷ್ಟು ನೆಟ್ಟಗಿರಬೇಕು. ಮೂರು ಡಿಗ್ರಿ ಓರೆಯಾದರೂ ಫಲಿತಾಂಶ 30 ಪ್ರತಿಶತದವರೆಗೆ ಹೆಚ್ಚು ತೋರಿಸಬಹುದು. ಇಲ್ಲದ ಉರಿಯೂತ ಇದೆ ಎಂದು ವರದಿ ಬಂದರೆ ರೋಗಿಯ ಗತಿ ಏನು? ನಾನು ಈಗಲೂ ಪ್ರತಿ ಸಲ ಕೂತು ಕಣ್ಣಳತೆಯಲ್ಲಿ ನೋಡಿಯೇ ಗಡಿಯಾರ ಒತ್ತುತ್ತೇನೆ.

ಇದನ್ನು ಮೊದಲು ಬರೆದಿಟ್ಟವರೂ ರಕ್ತದ ಕೊಳವೆ ನೋಡುತ್ತಿದ್ದವರೇ. ಇಂಗ್ಲೆಂಡಿನ ಆರ್ಥರ್ ಬಾಯ್ಕಾಟ್, 1920. ಓರೆ ಕೊಳವೆಯಲ್ಲಿ ರಕ್ತ ಬೇಗ ತಿಳಿಯಾಗುತ್ತದೆ ಎಂದು ಪ್ರಕಟಿಸಿದರು. ಅವರ ಹೆಸರಲ್ಲೇ ಬಾಯ್ಕಾಟ್ ಪರಿಣಾಮ ಅಂತ ಕರೆಯುತ್ತಾರೆ.

ಬೀದರ್ ಬಿ.ಎಸ್ಸಿ.

ಅಕ್ಕಾ, ಒಂದು ಪ್ರಶ್ನೆ. ಕೆಂಪು ಕಣ ಎಲ್ಲರಲ್ಲೂ ಒಂದೇ ಗಾತ್ರ ಅಲ್ವಾ? ಹಾಗಾದರೆ ಕಾಯಿಲೆ ಇದ್ದಾಗ ಬೇಗ ಇಳಿಯುವುದು ಯಾಕೆ?

ಲ್ಯಾಬ್ ಅಕ್ಕ, ಯಾದಗಿರಿ

ಉರಿಯೂತ ಇದ್ದಾಗ ರಕ್ತದಲ್ಲಿ ಫೈಬ್ರಿನೋಜೆನ್ ಎಂಬ ಪ್ರೋಟೀನ್ ಹೆಚ್ಚುತ್ತದೆ ತಮ್ಮಾ. ಆಗ ಕೆಂಪು ಕಣಗಳು ನಾಣ್ಯ ಪೇರಿಸಿದಂತೆ ಒಂದರ ಮೇಲೊಂದು ಅಂಟಿಕೊಳ್ಳುತ್ತವೆ. ಗೊಂಚಲು ದೊಡ್ಡದಾದಷ್ಟು ಬೇಗ ಇಳಿಯುತ್ತದೆ. ಮೇಷ್ಟ್ರು ಹೇಳಿದ ಗಾತ್ರದ ಲೆಕ್ಕವೇ.

ಶಹಾಬಾದ್ ಕಲ್ಲು

ನಮ್ಮಲ್ಲೂ ಹಾಗೇ. ಕಲ್ಲು ಪಾಲಿಶ್ ಮಾಡುವಾಗ ಹಾಲಿನಂಥ ನೀರು ಬರುತ್ತದೆ. ಅದನ್ನು ತೊಟ್ಟಿಗೆ ಬಿಟ್ಟು ಪಟಕ ಹಾಕಿ ಕಲಕುತ್ತೇವೆ. ಸ್ವಲ್ಪ ಹೊತ್ತಿಗೆ ಮೊಸರು ಒಡೆದ ಹಾಗೆ ಉಂಡೆ ಕಟ್ಟಿಕೊಂಡು ಇಳಿಯುತ್ತದೆ. ಪಟಕ ಇಲ್ಲದಿದ್ದರೆ ಮಾರನೆಯ ದಿನವೂ ಬೆಳ್ಳಗೇ ಇರುತ್ತದೆ. ಆ ರಾಡಿಯಲ್ಲಿ ಇಷ್ಟೆಲ್ಲ ಇದೆ ಎಂದು ಇವತ್ತು ಗೊತ್ತಾಯಿತು.

ಬೀದರ್ ಬಿ.ಎಸ್ಸಿ.

ಈಗ ನನಗೆ ಗೊಂದಲ ಆಗುತ್ತಿದೆ. ನಮ್ಮ ಲ್ಯಾಬ್‌ನಲ್ಲಿ ಉದ್ದ ಜಾಡಿಯಲ್ಲಿ ಹರಳೆಣ್ಣೆ ಹಾಕಿ ಉಕ್ಕಿನ ಗುಂಡು ಬಿಡುವ ಪ್ರಯೋಗ ಇದೆ. ಸ್ಟಾಪ್‌ವಾಚ್ ಹಿಡಿದು ವೇಗ ಅಳೆದು ಎಣ್ಣೆಯ ಸ್ನಿಗ್ಧತೆ ಕಂಡುಹಿಡಿಯುವುದು. ಮೊನ್ನೆ ಕೈ ತಪ್ಪಿ ಎರಡು ಗುಂಡು ಒಟ್ಟಿಗೆ ಬಿದ್ದವು. ಒಂದಕ್ಕೊಂದು ತಾಗಿಕೊಂಡು ಹೋದವು, ಒಂಟಿ ಗುಂಡಿಗಿಂತ ಬೇಗ ತಳ ಸೇರಿದವು. ಮತ್ತೆ ಬೇಕೆಂದೇ ಮಾಡಿದೆ, ಹಾಗೇ ಆಯಿತು. ಇನ್ನೊಂದು, ಜಾಡಿಯ ಗೋಡೆಯ ಹತ್ತಿರ ಬಿಟ್ಟ ಗುಂಡು ನಡುವೆ ಬಿಟ್ಟದ್ದಕ್ಕಿಂತ ನಿಧಾನ.

ಅಂದರೆ ಗುಂಪಾದರೆ ಬೇಗ. ಆದರೆ ದಟ್ಟವಾದ ರಾಡಿ ತೆಳು ರಾಡಿಗಿಂತ ನಿಧಾನವಾಗಿ ಇಳಿಯುತ್ತದೆ ಎಂದು ಪುಸ್ತಕದಲ್ಲಿದೆ. ಎರಡೂ ಹೇಗೆ ನಿಜ?

ದ್ರವದ ಮೇಷ್ಟ್ರು, ಕಲಬುರಗಿ

ಕೈ ತಪ್ಪಿದ್ದನ್ನು ಬಿಟ್ಟುಹಾಕದೆ ಮತ್ತೆ ಮಾಡಿ ನೋಡಿದಿರಲ್ಲ, ತುಂಬಾ ಖುಷಿಯಾಯಿತು.

ಎರಡೂ ನಿಜ. ಮಂದ ದ್ರವದಲ್ಲಿ ಒಂದು ಗುಂಡು ಇಳಿಯುವಾಗ ತನ್ನ ಸುತ್ತಲಿನ ಎಣ್ಣೆಯನ್ನೂ ಕೆಳಗೆ ಎಳೆದುಕೊಂಡು ಹೋಗುತ್ತದೆ. ಈ ಎಳೆತ ಬಹಳ ದೂರದವರೆಗೆ ಹಬ್ಬುತ್ತದೆ. ಗುಂಡಿನ ಅಗಲದ ಹತ್ತು ಪಟ್ಟು ದೂರದಲ್ಲೂ ಎಣ್ಣೆಗೆ ಅದು ಗೊತ್ತಾಗುತ್ತದೆ. ಪಕ್ಕದಲ್ಲಿ ಇನ್ನೊಂದು ಗುಂಡು ಇದ್ದರೆ ಅದು ಮೊದಲೇ ಕೆಳಗೆ ಹೋಗುತ್ತಿರುವ ಎಣ್ಣೆಯಲ್ಲಿ ಸವಾರಿ ಮಾಡಿದ ಹಾಗೆ. ಒಬ್ಬರಿಗೊಬ್ಬರು ನೆರವು. ಗೋಡೆಯ ಹತ್ತಿರ ಮಾತ್ರ ಎಣ್ಣೆ ಗೋಡೆಗೆ ಅಂಟಿ ನಿಂತಿರುತ್ತದೆ, ಅದಕ್ಕೇ ಗುಂಡಿಗೆ ತಡೆ.

ಜಾಡಿಯಲ್ಲಿ ಎರಡೇ ಗುಂಡು ಇದ್ದಾಗ ಮೇಲೆ ಬರಬೇಕಾದ ಎಣ್ಣೆಗೆ ಸುತ್ತಲೂ ಬೇಕಾದಷ್ಟು ಜಾಗ ಇದೆ. ಇಡೀ ಜಾಡಿಯ ತುಂಬ ಸಮವಾಗಿ ಕಣ ಇದ್ದರೆ ಆ ಎಣ್ಣೆ ಎಲ್ಲಿ ಹೋಗಬೇಕು? ಕಣಗಳ ನಡುವಿನ ಸಂದಿಯಲ್ಲೇ ನುಗ್ಗಬೇಕು. ಆಗ ಪ್ರತಿ ಕಣಕ್ಕೂ ಎದುರು ಹರಿವು. 1954ರಲ್ಲಿ ರಿಚರ್ಡ್‌ಸನ್ ಮತ್ತು ಝಾಕಿ ಎಂಬ ಇಬ್ಬರು ಇದನ್ನು ಅಳೆದು ಸೂತ್ರ ಕೊಟ್ಟರು. ಅದರ ಪ್ರಕಾರ ಹತ್ತನೇ ಒಂದು ಭಾಗ ಕಣ ತುಂಬಿದ್ದರೆ ವೇಗ ಒಂಟಿ ಕಣದ ವೇಗದ 61 ಪ್ರತಿಶತಕ್ಕೆ ಇಳಿಯುತ್ತದೆ. 30 ಪ್ರತಿಶತ ತುಂಬಿದರೆ ಐದನೇ ಒಂದು ಭಾಗಕ್ಕೂ ಕಡಿಮೆ. ಗಾಣದಮನೆಯವರು ಮೊದಲ ದಿನದ ದಪ್ಪ ಗಸಿಯನ್ನು ಬೇರೆ ಮಾಡಿ, ಉಳಿದದ್ದನ್ನು ಬೇರೆ ಡಬ್ಬಿಗೆ ಹಾಕಿದರೆ ಒಳ್ಳೆಯದು ಅನ್ನುವುದು ಇದಕ್ಕೇ.

ಆದ್ದರಿಂದ ಗೊಂಚಲಾಗಿ ಅಂಟಿಕೊಂಡರೆ ಬೇಗ, ಎಲ್ಲ ಕಡೆ ಹರಡಿ ದಟ್ಟವಾದರೆ ನಿಧಾನ. ಏರುವ ಎಣ್ಣೆಗೆ ದಾರಿ ಸಿಕ್ಕಿತೋ ಇಲ್ಲವೋ ಎಂದು ಕೇಳಿಕೊಂಡರೆ ಗೊಂದಲ ಹೋಗುತ್ತದೆ.

ಇನ್ನೊಂದು ಚಂದದ ಸಂಗತಿ. ಗುಂಡಿನ ಬದಲು ಬಿಲ್ಲೆ ಬಿಟ್ಟು ನೋಡಿ. ಓರೆಯಾಗಿ ಬಿಟ್ಟ ಬಿಲ್ಲೆ ಮಂದ ಎಣ್ಣೆಯಲ್ಲಿ ತಿರುಗುವುದಿಲ್ಲ, ಹಾಗೇ ಓರೆಯಾಗಿ ಪಕ್ಕಕ್ಕೆ ಜಾರುತ್ತಾ ಇಳಿಯುತ್ತದೆ. ಎರಡು ಬಿಲ್ಲೆ ಹತ್ತಿರ ಬಿಟ್ಟರೆ ಒಂದನ್ನೊಂದು ತಿರುಗಿಸುತ್ತವೆ. ಚಜ್ವಾ, ಮೆನನ್ ಮತ್ತು ಬೆಂಗಳೂರಿನ ಐಐಎಸ್‌ಸಿಯ ಶ್ರೀರಾಮ್ ರಾಮಸ್ವಾಮಿ 2019ರಲ್ಲಿ ಇದನ್ನು ಪ್ರಯೋಗ ಮಾಡಿ ತೋರಿಸಿದರು. ಆ ಜೋಡಿ ಬಿಲ್ಲೆಗಳ ಚಲನೆಯ ಗಣಿತ, ಸೂರ್ಯನ ಸುತ್ತ ಗ್ರಹ ಸುತ್ತುವ ಕೆಪ್ಲರನ ಗಣಿತವನ್ನೇ ಹೋಲುತ್ತದೆ. ನಮ್ಮ ನಾಡಿನಲ್ಲೇ ಇರುವವರ ಕೈ ಈ ಕೆಲಸದಲ್ಲಿದೆ ಎಂದು ಮಕ್ಕಳಿಗೆ ಹೇಳುವಾಗ ನನಗೆ ಹೆಮ್ಮೆಯಾಗುತ್ತದೆ.

ಹುಮನಾಬಾದ್ ಕಬ್ಬು

ಸಕ್ಕರೆ ಕಾರ್ಖಾನೆಯಲ್ಲಿ ಹದಿನೈದು ವರ್ಷ ಕೆಲಸ ಮಾಡಿದ್ದೇನೆ. ನಮ್ಮ ಅನುಭವ ಹೇಳುತ್ತೇನೆ.

ಕಬ್ಬಿನ ಹಾಲಿಗೆ ಸುಣ್ಣ ಹಾಕಿ, 100 ಡಿಗ್ರಿ ದಾಟುವವರೆಗೆ ಕಾಯಿಸಿ, ಕ್ಲಾರಿಫೈಯರ್ ಎಂಬ ದೊಡ್ಡ ತೊಟ್ಟಿಗೆ ಬಿಡುತ್ತೇವೆ. ಸುಣ್ಣಕ್ಕೆ ಕಸ ಗೊಂಚಲು ಕಟ್ಟುತ್ತದೆ. ಬಿಸಿಗೆ ಹಾಲು ತೆಳುವಾಗುತ್ತದೆ. ಎರಡೂ ಸೇರಿ ಮಡ್ಡಿ ಇಳಿಯುತ್ತದೆ, ಮೇಲಿನ ತಿಳಿ ಹಾಲು ಮುಂದೆ ಹೋಗುತ್ತದೆ. ಮಡ್ಡಿ ಸೋಸಿ ಪ್ರೆಸ್ ಮಡ್ ಅಂತ ಹೊಲಕ್ಕೆ ಹೋಗುತ್ತದೆ. ಊರ ಗಾಣದ ಮನೆಗಳಲ್ಲಿ ಬೆಲ್ಲ ಮಾಡುವಾಗ ಬೆಂಡೆ ಗಿಡದ ಲೋಳೆ ಹಾಕುವುದೂ ಕಸ ಕೂಡಿಸುವುದಕ್ಕೇ. ಅಲ್ಲಿ ಕಸ ಮೇಲೆ ತೇಲುತ್ತದೆ, ಜಾಲರಿಯಲ್ಲಿ ತೆಗೆಯುತ್ತಾರೆ.

ಆದರೆ ಕೊನೆಯಲ್ಲಿ ಸಕ್ಕರೆ ಹರಳು ಕಟ್ಟಿದ ಮೇಲೆ ಕಥೆ ಬೇರೆ. ಹರಳಿನ ಸುತ್ತ ಇರುವ ಕಾಕಂಬಿ ಎಷ್ಟು ಮಂದ ಅಂದರೆ ಸುಮ್ನೆ ಬಿಟ್ಟರೆ ಹರಳು ಬೇರೆಯಾಗುವುದೇ ಇಲ್ಲ. ಅದಕ್ಕೆ ಸೆಂಟ್ರಿಫ್ಯೂಗಲ್ ಯಂತ್ರದಲ್ಲಿ ಗಿರಗಿರ ತಿರುಗಿಸಿ ಕಾಕಂಬಿಯನ್ನು ಜಾಲರಿಯಿಂದ ಹೊರಗೆ ಎಸೆಯುತ್ತೇವೆ. ನೆಲದ ಎಳೆತ ಸಾಲದಿದ್ದಾಗ ತಿರುಗಿಸಿ ಎಳೆತ ಹೆಚ್ಚಿಸಿಕೊಳ್ಳುವುದು.

ನೀರು ಶುದ್ಧ ಮಾಡುವ ಕೆಲವು ಕಡೆ ತೊಟ್ಟಿಯೊಳಗೆ ಓರೆ ಹಲಗೆಗಳನ್ನು ಸಾಲಾಗಿ ನಿಲ್ಲಿಸುತ್ತಾರೆ. ಅವನ್ನು ನೆಲಮಟ್ಟದಿಂದ 55ರಿಂದ 60 ಡಿಗ್ರಿಗೆ ಇಡುತ್ತಾರೆ. ತೀರಾ ಮಲಗಿಸಿದರೆ ಮಡ್ಡಿ ಜಾರದೆ ಅಲ್ಲೇ ಕೂರುತ್ತದೆ. ಗಾಣದಮನೆ ಅಣ್ಣಾರು ಇದನ್ನು ಗಮನದಲ್ಲಿ ಇಡಬೇಕು.

ಕಾಲುವೆ ಕೊನೆ, ಶಹಾಪುರ

ಮೇಷ್ಟ್ರೇ, ನಮ್ಮದು ನಾರಾಯಣಪುರ ಕಾಲುವೆಯ ಕೊನೆ ಭಾಗ. ಈ ಲೆಕ್ಕ ಕಾಲುವೆಯ ಹೂಳಿಗೂ ನಡೆಯುತ್ತದಾ?

ದ್ರವದ ಮೇಷ್ಟ್ರು, ಕಲಬುರಗಿ

ಸಣ್ಣ ಕಣಕ್ಕೆ ನಡೆಯುತ್ತದೆ, ಮರಳಿಗೆ ನಡೆಯುವುದಿಲ್ಲ. ನೀರು ತೆಳು. ಅದರಲ್ಲಿ ಮರಳಿನ ಕಣ ಬೀಳುವಾಗ ಹಿಂದೆ ಸುಳಿ ಏಳುತ್ತದೆ, ಸ್ಟೋಕ್ಸ್ ಲೆಕ್ಕ ತಪ್ಪುತ್ತದೆ. ಸುಮಾರು 100 ಮೈಕ್ರಾನಿಗಿಂತ ಸಣ್ಣದಿದ್ದರೆ ಸೂತ್ರ ಹೊಂದುತ್ತದೆ.

ನಿಮ್ಮ ಎರೆ ಮಣ್ಣಿನ ಜೇಡಿ ಕಣ 2 ಮೈಕ್ರಾನಿಗಿಂತ ಸಣ್ಣದು. ನಿಂತ ನೀರಲ್ಲಿ 2 ಮೈಕ್ರಾನ್ ಕಣ 10 ಸೆಂ.ಮೀ. ಇಳಿಯಲು ಸುಮಾರು ಎಂಟು ಗಂಟೆ. ಮಣ್ಣು ಪರೀಕ್ಷೆಯಲ್ಲಿ ಜೇಡಿಯ ಪಾಲು ತಿಳಿಯುವುದು ಇದೇ ಲೆಕ್ಕದಿಂದ. ಮಣ್ಣು ಕಲಸಿದ ಜಾಡಿಯನ್ನು ಅಷ್ಟು ಹೊತ್ತು ಬಿಟ್ಟು, 10 ಸೆಂ.ಮೀ. ಆಳದಿಂದ ಸ್ವಲ್ಪ ನೀರು ಎಳೆದು ತೂಗುತ್ತಾರೆ. ಹರಿಯುವ ಕಾಲುವೆಯಲ್ಲಂತೂ ಸುಳಿಗಳು ಜೇಡಿಯನ್ನು ಮತ್ತೆ ಮತ್ತೆ ಮೇಲೆತ್ತುತ್ತವೆ. ಹಾಗಾಗಿ ಮರಳು ಕಾಲುವೆಯ ಮೊದಲ ಭಾಗದಲ್ಲೇ ಕೂರುತ್ತದೆ, ನಿಮ್ಮವರೆಗೆ ಬರುವುದು ನುಣುಪು ಹೂಳು.

ಗಾಣದಮನೆ, ಚಿತ್ತಾಪುರ

ನೀವೆಲ್ಲ ಇಷ್ಟು ಬರೆಯುತ್ತೀರಿ ಎಂದುಕೊಂಡಿರಲಿಲ್ಲ. ಎರಡು ಸಲ ಓದಿದೆ, ಮನೆಯವಳಿಗೂ ಓದಿ ಹೇಳಿದೆ.

ಈ ನಡುವೆ ಒಂದು ತಪ್ಪು ಮಾಡಿದೆ. ಬಿಸಿಗೆ ಬೇಗ ಇಳಿಯುತ್ತದೆ ಅಂದಿರಲ್ಲ, ಒಂದು ಡಬ್ಬಿಯನ್ನು ಅಂಗಳದ ಬಿಸಿಲಿಗೆ ಇಟ್ಟೆ. ಸಂಜೆ ಮುಚ್ಚಳ ತೆಗೆದು ನೋಡಿದರೆ ಇಳಿದಿದ್ದ ಗಸಿಯೂ ಎದ್ದು ಮತ್ತೆ ಮಬ್ಬಾಗಿತ್ತು. ಇದು ಯಾಕೆ?

ಇನ್ನೊಂದು ಪ್ರಶ್ನೆ. ನಮ್ಮ ದೊಡ್ಡ ಡಬ್ಬಿಗೆ ತಳದಲ್ಲೇ ನಲ್ಲಿ ಇದೆ. ತಿಳಿಯಾದ ಮೇಲೆ ನಲ್ಲಿ ತಿರುಗಿಸಿದರೆ ಮೊದಲು ಸ್ವಲ್ಪ ಗಸಿ ಬರುತ್ತದೆ, ಅದು ಸರಿ. ಆದರೆ ಹತ್ತು ಬಾಟಲಿ ತುಂಬಿದ ಮೇಲೂ ಎಣ್ಣೆಯಲ್ಲಿ ಮಬ್ಬು ಬರುತ್ತಲೇ ಇರುತ್ತದೆ. ಎಣ್ಣೆ ಹರಿಯುವುದು ಮೆಲ್ಲಗೆ, ಸುಳಿ ಇಲ್ಲ, ಸದ್ದಿಲ್ಲ. ಕೂತ ಗಸಿ ಯಾಕೆ ಏಳಬೇಕು?

ದ್ರವದ ಮೇಷ್ಟ್ರು, ಕಲಬುರಗಿ

ಬಿಸಿಲಿನದು ಮೊದಲು. ಡಬ್ಬಿಯ ಒಂದು ಮೈ ಮಾತ್ರ ಕಾಯಿತು. ಕಾದ ಎಣ್ಣೆ ಆ ಮೈಗುಂಟ ಮೇಲೇರುತ್ತದೆ, ತಣ್ಣಗಿನದು ಇನ್ನೊಂದು ಕಡೆ ಇಳಿಯುತ್ತದೆ. ಡಬ್ಬಿಯೊಳಗೆ ಎಣ್ಣೆ ಸುತ್ತತೊಡಗುತ್ತದೆ. ನಿಮ್ಮ 10 ಮೈಕ್ರಾನ್ ಕಣ ಇಳಿಯುವ ವೇಗ ಗಂಟೆಗೆ ಸುಮಾರು ಒಂದು ಮಿಲಿಮೀಟರ್. ಎಣ್ಣೆ ಎಷ್ಟೇ ಮೆಲ್ಲಗೆ ಸುತ್ತಿದರೂ ಅದಕ್ಕಿಂತ ಜೋರು. ಬೆಚ್ಚಗಿಡಬೇಕು, ಆದರೆ ಎಲ್ಲ ಕಡೆ ಸಮವಾಗಿ. ಗಾಳಿಯಾಡದ ಒಳಕೋಣೆಯಲ್ಲಿ ಸುತ್ತ ಗೋಣಿ ಸುತ್ತಿ ಇಡಿ. ಗಾಣದಿಂದ ಇಳಿಯುವ ಎಣ್ಣೆ ಬೆಚ್ಚಗೇ ಇರುತ್ತದೆ, ಆ ಬಿಸಿ ಹೋಗದಂತೆ ತಡೆದರೂ ಲಾಭ. ಬಿಸಿಲಂತೂ ಬೇಡವೇ ಬೇಡ. ಕುಸುಬಿ ಎಣ್ಣೆಯಲ್ಲಿ ಲಿನೋಲಿಕ್ ಆಮ್ಲ ಹೆಚ್ಚು, ಬೆಳಕಿಗೆ ಬೇಗ ಕಮಟು ಬರುತ್ತದೆ.

ನಲ್ಲಿಯ ಪ್ರಶ್ನೆ ಇನ್ನೂ ಆಳದ್ದು. ಸುಳಿ ಇಲ್ಲದೆ ಗಸಿ ಏಳಬಾರದು ಎಂದೇ ಬಹಳ ಕಾಲ ಎಲ್ಲರೂ ನಂಬಿದ್ದರು. 1980ರ ದಶಕದಲ್ಲಿ ಆಂಡ್ರಿಯಾಸ್ ಅಕ್ರಿವೋಸ್ ಮತ್ತು ಅವರ ಜೊತೆಗಾರ ಲೇಟನ್ ಇದನ್ನು ಬಿಡಿಸಿದರು. ಮಂದ ದ್ರವ ಹರಿಯುವಾಗ ಒಂದು ಪದರ ಇನ್ನೊಂದರ ಮೇಲೆ ಜಾರುತ್ತದೆ. ಆಗ ಕಣಕ್ಕೆ ಕಣ ತಾಗಿ, ದಾಟಿ ಹೋಗುತ್ತವೆ. ಪ್ರತಿ ಸಲ ತಾಗಿದಾಗಲೂ ಸ್ವಲ್ಪ ಪಕ್ಕಕ್ಕೆ ತಳ್ಳುತ್ತವೆ. ಸಂತೆಯ ಗದ್ದಲದಲ್ಲಿ ನಡೆಯುವಾಗ ನಮ್ಮನ್ನು ಯಾರೂ ಬೇಕೆಂದು ತಳ್ಳದಿದ್ದರೂ ಅಂಚಿಗೆ ಸರಿದಿರುತ್ತೇವಲ್ಲ, ಹಾಗೆ. ದಟ್ಟ ಗಸಿಯಿಂದ ಕಣಗಳು ಮೇಲಿನ ತಿಳಿಯ ಕಡೆ ಸರಿಯುತ್ತವೆ. ಸುಳಿ ಬೇಕಾಗಿಲ್ಲ.

ಪರಿಹಾರ ಸುಲಭ. ನಲ್ಲಿಯನ್ನು ತಳದಿಂದ ನಾಲ್ಕು ಬೆರಳು ಮೇಲೆ ಕೂರಿಸಿ, ಅರ್ಧ ಮಾತ್ರ ತಿರುಗಿಸಿ.

ಬೀದರ್ ಬಿ.ಎಸ್ಸಿ.

ಮೇಷ್ಟ್ರೇ, ಕೊಳವೆಯಲ್ಲಿ ಹರಿಯುವಾಗ ಕಣಗಳು ಎಲ್ಲಿರುತ್ತವೆ? ನಡುವಿನಲ್ಲಾ, ಅಂಚಿನಲ್ಲಾ?

ದ್ರವದ ಮೇಷ್ಟ್ರು, ಕಲಬುರಗಿ

ನಡುವಿನಲ್ಲೂ ಅಲ್ಲ, ಅಂಚಿನಲ್ಲೂ ಅಲ್ಲ! 1961ರಲ್ಲಿ ಸೆಗ್ರೆ ಮತ್ತು ಸಿಲ್ಬರ್‌ಬರ್ಗ್ ಕೊಳವೆಯಲ್ಲಿ ಸಣ್ಣ ಗುಂಡುಗಳನ್ನು ಹರಿಸಿದರು. ಗುಂಡುಗಳ ಸಾಂದ್ರತೆ ದ್ರವದಷ್ಟೇ ಇತ್ತು, ತೇಲುವುದೂ ಇಲ್ಲ ಮುಳುಗುವುದೂ ಇಲ್ಲ. ಸ್ವಲ್ಪ ದೂರ ಹೋದ ಮೇಲೆ ಎಲ್ಲವೂ ಕೊಳವೆಯ ನಡುವಿನಿಂದ ತ್ರಿಜ್ಯದ 60 ಪ್ರತಿಶತ ದೂರದಲ್ಲಿ ಬಳೆಯ ಹಾಗೆ ಸಾಲುಗಟ್ಟಿದವು. ಹರಿವಿನ ಬಾಗು ಅವನ್ನು ಹೊರಗೆ ತಳ್ಳುತ್ತದೆ, ಗೋಡೆ ಒಳಗೆ ತಳ್ಳುತ್ತದೆ, ಎರಡೂ ಸಮ ಆಗುವುದು ಅಲ್ಲಿ. ಆದರೆ ಇದಕ್ಕೆ ಹರಿವು ಸ್ವಲ್ಪ ಜೋರಿರಬೇಕು. ನಿಮ್ಮ ಹರಳೆಣ್ಣೆಯಲ್ಲಿ ಕಾಣುವುದು ಕಷ್ಟ.

ಲ್ಯಾಬ್ ಅಕ್ಕ, ಯಾದಗಿರಿ

ರಕ್ತದಲ್ಲಿ ಮಾತ್ರ ಕೆಂಪು ಕಣಗಳು ಮೆತ್ತಗಿರುವುದರಿಂದ ನಡುವಿಗೇ ಸರಿಯುತ್ತವೆ. ಗೋಡೆಯ ಹತ್ತಿರ ಬರೀ ಪ್ಲಾಸ್ಮಾ ಉಳಿಯುತ್ತದೆ, ಕೊಳವೆಗೆ ಎಣ್ಣೆ ಸವರಿದ ಹಾಗೆ. ಹಾಗಾಗಿ 0.3 ಮಿ.ಮೀ.ಗಿಂತ ಸಣ್ಣ ಕೊಳವೆಯಲ್ಲಿ ರಕ್ತ ಇನ್ನೂ ತೆಳುವಾಗಿರುವಂತೆ ಹರಿಯುತ್ತದೆ. 1931ರಲ್ಲಿ ಫಾರಿಯಸ್ ಮತ್ತು ಲಿಂಡ್‌ಕ್ವಿಸ್ಟ್ ಇದನ್ನು ತೋರಿಸಿದರು. ಇಎಸ್ಆರ್ ಪರೀಕ್ಷೆ ಬಳಕೆಗೆ ಬಂದದ್ದರಲ್ಲೂ ಫಾರಿಯಸ್ ಅವರ ಪಾಲು ದೊಡ್ಡದು. ನಮ್ಮ ಸಣ್ಣ ರಕ್ತನಾಳಗಳಲ್ಲಿ ಇದು ಈ ಕ್ಷಣವೂ ನಡೆಯುತ್ತಿದೆ ಎಂದು ನೆನೆಸಿಕೊಂಡರೆ ಮೈ ಜುಮ್ಮೆನ್ನುತ್ತದೆ.

ಶಹಾಬಾದ್ ಕಲ್ಲು

ಮೇಷ್ಟ್ರೇ, ಓರೆ ಎಷ್ಟಿರಬೇಕು, ಎಷ್ಟು ಲಾಭ ಎಂದು ಲೆಕ್ಕ ಇದೆಯಾ? ನಮ್ಮ ತೊಟ್ಟಿಗೂ ಹಲಗೆ ಹಾಕುವ ಯೋಚನೆ ಬಂದಿದೆ.

ದ್ರವದ ಮೇಷ್ಟ್ರು, ಕಲಬುರಗಿ

ಇದೆ. ಪಾಂಡರ್ 1925ರಲ್ಲಿ, ನಕಮುರ ಮತ್ತು ಕುರೋಡ 1937ರಲ್ಲಿ ಬೇರೆ ಬೇರೆಯಾಗಿ ಕಂಡುಕೊಂಡರು. ಪಾತ್ರೆಯ ಮೇಲೆ ನೆತ್ತಿಯ ಬಿಸಿಲು ಬಿದ್ದಿದೆ ಎಂದುಕೊಳ್ಳಿ. ಒಳಗಿನ ದ್ರವದ ನೆರಳು ನೆಲದ ಮೇಲೆ ಎಷ್ಟು ಅಗಲ ಬೀಳುತ್ತದೋ ಅಷ್ಟು ಬೇಗ ತಿಳಿ ಬರುತ್ತದೆ. ನೆಟ್ಟಗಿದ್ದರೆ ನೆರಳು ತಳದಷ್ಟೇ. ಓರೆಯಾದರೆ ಅಡ್ಡ ಮೈಯ ನೆರಳೂ ಸೇರುತ್ತದೆ.

8 ಸೆಂ.ಮೀ. ಅಗಲದ ಚೌಕ ಬಾಟಲಿ, 25 ಸೆಂ.ಮೀ. ಎಣ್ಣೆ, ನೆಟ್ಟಗಿನಿಂದ 25 ಡಿಗ್ರಿ ಓರೆ ಎಂದರೆ ಎರಡು ಪಟ್ಟಿಗೂ ಸ್ವಲ್ಪ ಜಾಸ್ತಿ ವೇಗ. 24 ಸೆಂ.ಮೀ. ಅಗಲ, 35 ಸೆಂ.ಮೀ. ಎತ್ತರದ ಡಬ್ಬಿಯನ್ನು 30 ಡಿಗ್ರಿ ಒರಗಿಸಿದರೆ 1.6 ಪಟ್ಟು ಮಾತ್ರ. ಅದೇ 5 ಸೆಂ.ಮೀ. ಅಗಲ, ಒಂದು ಮೀಟರ್ ಉದ್ದದ ಕೊಳವೆಯನ್ನು 30 ಡಿಗ್ರಿ ಒರಗಿಸಿದರೆ ಹತ್ತಿರ ಹತ್ತಿರ 11 ಪಟ್ಟು. ಸಪೂರ ಇದ್ದಷ್ಟೂ ಲಾಭ. ಆದರೆ ಇದು ಕಾಗದದ ಲೆಕ್ಕ. ಗಸಿ ಜಾರದೆ ಅಂಟಿಕೊಂಡರೆ, ತಿಳಿ ಎಣ್ಣೆಯ ಗೆರೆ ನಡುವಿನ ಮಬ್ಬಿನ ಜೊತೆ ಕಲಸಿಹೋದರೆ ಅಷ್ಟು ಸಿಗುವುದಿಲ್ಲ.

ಗಾಣದಮನೆ, ಚಿತ್ತಾಪುರ

ಎಳ್ಳಮಾವಾಸ್ಯೆ ಮುಗಿಸಿ ಬರೆಯುತ್ತಿದ್ದೇನೆ.

ಡಬ್ಬಿಯೊಳಗೆ ತೆಳು ಸ್ಟೀಲ್ ತಗಡಿನ ನಾಲ್ಕು ಹಲಗೆಗಳನ್ನು ಓರೆಯಾಗಿ ಸಾಲು ನಿಲ್ಲಿಸಿದೆ. ನಡುವೆ ಐದೈದು ಸೆಂ.ಮೀ. ಸಂದಿ. ಹುಮನಾಬಾದಿನ ಅಣ್ಣಾರು ಹೇಳಿದ 60 ಡಿಗ್ರಿಯೇ. ನಲ್ಲಿ ನಾಲ್ಕು ಬೆರಳು ಮೇಲೆ ಹೋಯಿತು. ಸುತ್ತ ಎರಡು ಗೋಣಿ. ಗಾಣದಿಂದ ಇಳಿದ ಬೆಚ್ಚನೆಯ ಎಣ್ಣೆಯನ್ನು ಒಂದು ರಾತ್ರಿ ಬೇರೆ ಪಾತ್ರೆಯಲ್ಲಿಟ್ಟು, ದಪ್ಪ ಗಸಿ ಬಿಟ್ಟು ಇದಕ್ಕೆ ಸುರಿದೆ.

ಮೂರನೇ ದಿನ ಬೆಳಗ್ಗೆ ಬಾಟಲಿಗೆ ಹಿಡಿದೆ. ಮೊದಲ ಬಾಟಲಿ ತುಸು ಮಬ್ಬು. ಎರಡನೆಯದರಿಂದ ತಿಳಿ. ಹದಿನಾಲ್ಕನೆಯ ಬಾಟಲಿಯವರೆಗೂ ತಿಳಿಯೇ ಬಂತು. ಈ ಚಳಿಯಲ್ಲಿ ವಾರದ ಕೆಲಸ ಮೂರು ದಿನಕ್ಕೆ ಇಳಿಯಿತು.

ಒಂದು ತೊಂದರೆ ಉಳಿದಿದೆ. ಹಲಗೆಯ ಮೇಲಿನ ಗಸಿ ಕೆಳಗಿನ ಅರ್ಧ ಪೂರ್ತಿ ಜಾರಿತ್ತು, ಮೇಲಿನ ಅರ್ಧದಲ್ಲಿ ತೆಳುವಾಗಿ ಅಂಟಿಕೊಂಡೇ ಇತ್ತು. ಬೆರಳಿನಿಂದ ಸವರಿದರೆ ಬೆಣ್ಣೆಯ ಹಾಗೆ ಬರುತ್ತದೆ, ತಾನಾಗಿ ಇಳಿಯುವುದಿಲ್ಲ. ಮುಂದಿನ ಸಲ 65 ಡಿಗ್ರಿಗೆ ನಿಲ್ಲಿಸಿ ನೋಡುತ್ತೇನೆ. ಶೇಂಗಾ ಎಣ್ಣೆಯ ಗಸಿ ಹೇಗೆ ಜಾರುತ್ತದೆ ಎಂದೂ ನೋಡಬೇಕು, ಅದು ಇನ್ನೂ ನುಣುಪು.

ಲ್ಯಾಬ್ ಅಕ್ಕ, ನಿಮಗೊಂದು ಬಾಟಲಿ ಎತ್ತಿಟ್ಟಿದ್ದೇನೆ. ಈ ಕಡೆ ಬಂದಾಗ ತೆಗೆದುಕೊಂಡು ಹೋಗಿ.